ಬಾಲ್ಕನಿಯಲ್ಲಿ ನಿಂತಿದ್ದವಳು

ವಾರ್ಸಾದ ಆ ಹಳೆಯ ಚಿತ್ರಶಾಲೆಯಲ್ಲಿ ಪರದೆ ಇರಲಿಲ್ಲ. ಆಳೆತ್ತರದ ದುಂಡನೆಯ ಮರದ ಗೂಡು, ಅದರ ಸುತ್ತ ಕಣ್ಣಿಟ್ಟು ನೋಡಲು ಜೋಡಿ ಜೋಡಿ ಗಾಜು, ಒಂದೊಂದರ ಮುಂದೆ ಒಂದು ಕುರ್ಚಿ. ಗಂಟೆ ಹೊಡೆದಾಗಲೆಲ್ಲ ಒಳಗಿನ ಚಿತ್ರಗಳು ಒಂದು ಕುರ್ಚಿಯಿಂದ ಮುಂದಿನ ಕುರ್ಚಿಗೆ ಸರಿಯುತ್ತಿದ್ದವು. ಬೀದಿಗೆ ಬೀದಿಯೇ ಎದುರಿಗೆ ಬಂದು ನಿಂತಂತೆ ಕಾಣುತ್ತಿತ್ತು. ಯುದ್ಧಕ್ಕೆ ಮುಂಚಿನ ಊರು ಉಳಿದಿದ್ದು ಅಲ್ಲಿ ಮಾತ್ರ.

ಹದಿನೆಂಟು ವರ್ಷದಿಂದ ಅದನ್ನು ನಡೆಸುತ್ತಿದ್ದವನು ಸೆವೆರಿನ್. ಆ ಚಳಿಗಾಲ ರೆಜಿನಾ ಎಂಬ ದರ್ಜಿ ಹೆಂಗಸು ದಿನವೂ ಮಧ್ಯಾಹ್ನ ಬಂದು ಏಳನೇ ಕುರ್ಚಿಯಲ್ಲಿ ಕೂರತೊಡಗಿದಳು. ಒಂದು ಚಿತ್ರದಲ್ಲಿ ಅವಳ ಬೀದಿಯಿತ್ತು. ಎರಡನೇ ಮಹಡಿಯ ಬಾಲ್ಕನಿಯಲ್ಲಿ ಅವಳ ತಾಯಿ ದಾರಿ ನೋಡುತ್ತ ನಿಂತಿದ್ದಳು. ಯುದ್ಧ ಶುರುವಾದಾಗ ತಾಯಿಯೊಂದಿಗೆ ಜಗಳವಾಡಿ ಮನೆಬಿಟ್ಟದ್ದನ್ನೂ, ಆಕೆ ಬಾಲ್ಕನಿಯಿಂದ ಕೂಗಿದರೂ ತಿರುಗಿ ನೋಡದೆ ಹೋದದ್ದನ್ನೂ ರೆಜಿನಾ ಅವನಿಗೆ ಹೇಳಿದಳು. ಹಿಂದಿರುಗಿದಾಗ ತಾಯಿಯೂ ಇರಲಿಲ್ಲ, ಮನೆಯೂ ಇರಲಿಲ್ಲ.

ಆ ಚಿತ್ರ ಅವಳೆದುರು ಬಂದಾಗ ಸೆವೆರಿನ್ ಯಂತ್ರವನ್ನು ಕೊಂಚ ಹೊತ್ತು ನಿಲ್ಲಿಸುತ್ತಿದ್ದ.

"ಏನ್ರೀ, ಟ್ರಾಮ್ ಥರ ಇದೂ ಕೆಟ್ಟು ನಿಂತ್ಕೊಳ್ತಾ?" ಎಂದು ಪಕ್ಕದವರು ಗೊಣಗಿದರೆ ಕೇಳಿಸದವನಂತೆ ಇರುತ್ತಿದ್ದ.

ಒಂದು ಮಂಗಳವಾರ ಅವಳನ್ನು ಬಿಟ್ಟು ಯಾರೂ ಬಂದಿರಲಿಲ್ಲ. ಯಂತ್ರ ನಿಂತ ಮೌನದಲ್ಲಿ ಅವಳ ಮೆಲುದನಿ ಅವನ ಕಿವಿಗೆ ಬಿತ್ತು.

"ಅಮ್ಮಾ, ಇನ್ನೂ ಎಷ್ಟೊತ್ತು ಅಂತ ನಿಂತಿರ್ತೀಯ? ಚಳಿ ಇದೆ, ಒಳಗ್ ಹೋಗು. ನಾನ್ ಬಂದಿದೀನಲ್ಲ."

ಆಮೇಲೆ ಎದ್ದು ಕೈಗವಸು ಹಾಕಿಕೊಂಡಳು. "ಹೋದ್ಲು," ಎಂದಷ್ಟೇ ಹೇಳಿ ಹೊರಟಳು.

ದುಃಖದಲ್ಲಿ ಏನೋ ಅಂದಳೆಂದುಕೊಂಡು ಸೆವೆರಿನ್ ಅದೇ ಕುರ್ಚಿಯಲ್ಲಿ ಕೂತು ನೋಡಿದ. ಬಾಲ್ಕನಿ ಖಾಲಿಯಿತ್ತು. ಅದರ ಹಿಂದಿನ ಬಾಗಿಲು ಅರ್ಧ ತೆರೆದಿತ್ತು. ಚಿತ್ರದ ಗಾಜನ್ನು ಹೊರತೆಗೆದು ದೀಪಕ್ಕೆ ಹಿಡಿದ. ಒಂದು ಗೀರೂ ಇರಲಿಲ್ಲ, ಬಣ್ಣ ಎಲ್ಲೂ ಎದ್ದಿರಲಿಲ್ಲ. ಮೆಲ್ಲಗೆ ಅದನ್ನು ಮತ್ತೆ ಅದರ ಜಾಗದಲ್ಲೇ ಇಟ್ಟ.

ರೆಜಿನಾ ಮತ್ತೆ ಬರಲಿಲ್ಲ. ಮಾರ್ಚ್ ತಿಂಗಳಲ್ಲಿ ಸಂತೆಯಲ್ಲಿ ಬೀಟ್‌ರೂಟ್ ಆರಿಸುತ್ತ ಸಿಕ್ಕಳು. ಅವನು ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ, "ಈಗ ಚೆನ್ನಾಗಿ ನಿದ್ದೆ ಬರತ್ತೆ ಯಜಮಾನ್ರೇ," ಎಂದಳು. ಅವನು ತಲೆಯಾಡಿಸಿ ಬಂದುಬಿಟ್ಟ.

ಇನ್ನೊಂದು ಚಿತ್ರದಲ್ಲಿ, ನದಿಯ ಸೇತುವೆಯ ಮೇಲೆ, ಯುದ್ಧಕಾಲದ ಬಂಡಾಯದಲ್ಲಿ ಸತ್ತ ಅವನ ತಮ್ಮ ಸೈಕಲ್ ಹಿಡಿದು ನಿಂತಿದ್ದಾನೆ. ಇಷ್ಟು ವರ್ಷ ಬಾಗಿಲು ತೆರೆಯುವ ಮುನ್ನ ಅವನನ್ನೊಮ್ಮೆ ನೋಡಿಕೊಳ್ಳುವುದು ಸೆವೆರಿನ್‌ಗೆ ರೂಢಿಯಾಗಿತ್ತು. ಈಗ ಗಾಜು ಒರೆಸುವಾಗಲೂ ಮುಖ ತಿರುಗಿಸುತ್ತಾನೆ. ತಮ್ಮ ಅಲ್ಲಿಲ್ಲದಿದ್ದರೆ ಎಂಬ ಭಯ ಒಂದು ಕಡೆ. ಇದ್ದರೆ, ಹೋಗು ಎಂದು ತಾನೇ ಹೇಳಬೇಕಲ್ಲ ಎಂಬ ಸಂಕಟ ಇನ್ನೊಂದು ಕಡೆ.