ಹೊನ್ನಮ್ಮನ ಹಾಡು

ಚನ್ನರಾಯಪಟ್ಟಣದ ಛತ್ರದಲ್ಲಿ ಕೆಂಪಣ್ಣನ ಮಗಳ ಮದುವೆ. ಮುಹೂರ್ತ ಹತ್ತೂವರೆಗೆ. ಹಸೆಯ ಪಕ್ಕದಲ್ಲಿ ನಂಜಮ್ಮ ತನ್ನ ಜೊತೆಯ ಮೂವರು ಹೆಂಗಸರನ್ನು ಕೂರಿಸಿಕೊಂಡು, ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಹೊಳೆನರಸೀಪುರದ ಆಚೆ, ಹೇಮಾವತಿ ದಂಡೆಯ ಅವಳ ಊರಿನಲ್ಲಿ ನಲವತ್ತು ವರ್ಷದಿಂದ ನಂಜಮ್ಮನಿಲ್ಲದೆ ಸೋಬಾನೆ ಇರಲಿಲ್ಲ. ಯಾರಾದರೂ ತೀರಿಕೊಂಡರೆ ಹೆಣದ ಮುಂದೆ ಕೂತು ಹಾಡುವುದಕ್ಕೂ ಅವಳನ್ನೇ ಕರೆಯುತ್ತಿದ್ದರು. ಎರಡು ಬಗೆಯ ಹಾಡನ್ನೂ ಅವಳು ಬೇರೆ ಬೇರೆ ಇಟ್ಟುಕೊಂಡಿದ್ದಳು, ಒಂದು ಇನ್ನೊಂದಕ್ಕೆ ತಾಕದ ಹಾಗೆ.

ಆ ದಿನ ಹಾಡಿನಲ್ಲಿ ಅವಳಿಗಿಂತ ದೊಡ್ಡ ಹೆಸರಿನವನೊಬ್ಬ ಛತ್ರದಲ್ಲಿದ್ದ. ಕೆಂಪಣ್ಣನ ಚಿಕ್ಕಪ್ಪನ ಮಗ ಪುಟ್ಟರಾಜು. ಮದರಾಸಿನಲ್ಲಿ ಸಿನಿಮಾಕ್ಕೆ ಹಾಡು ಬರೆದು ರಾಗ ಹಾಕುವವನು. ಹಾಸನದ ಟಾಕೀಸಿನಲ್ಲಿ ಅವನ ಹಾಡಿಗೆ ಜನ ಪರದೆಗೆ ಕಾಸು ಎಸೆಯುತ್ತಾರೆ ಎಂದು ಹೇಳುತ್ತಿದ್ದರು. ಬಿಳಿ ಪ್ಯಾಂಟು ಹಾಕಿಕೊಂಡು ಬಂದಿದ್ದವನು ನಂಜಮ್ಮನನ್ನು ಕಂಡ ಕೂಡಲೇ ಬಗ್ಗಿ ಕಾಲು ಮುಟ್ಟಿ, "ದೊಡ್ಡವ್ವ, ಚೆನ್ನಾಗಿದ್ದೀಯಾ?" ಅಂದಿದ್ದ. ನಾಲ್ಕು ವರ್ಷದವನಿದ್ದಾಗ ತಾಯಿ ಹೊನ್ನಮ್ಮನನ್ನು ಕಳೆದುಕೊಂಡ ಹುಡುಗ. ಅದಾದ ತಿಂಗಳಿಗೆ ಅವನ ಅಪ್ಪ ಅವನನ್ನು ಹಾಸನಕ್ಕೆ ಕರೆದುಕೊಂಡು ಹೋಗಿದ್ದ. ಈಗ ಅವನ ಕಿವಿಯ ಹತ್ತಿರ ಕೂದಲು ನರೆತಿರುವುದನ್ನು ನೋಡುತ್ತ ನಂಜಮ್ಮ ಅವನ ತಲೆ ಸವರಿದ್ದಳು.

ಗಂಡಿನವರು ಕೊಣನೂರು ಕಡೆಯವರು, ಕಾವೇರಿಯ ಆಚೆ ದಂಡೆ. ಒಂದು ಬಸ್ಸು ತುಂಬ ಬಂದಿದ್ದರು. ಗಂಡು ಹಸೆಗೆ ಬಂದು ಕೂತ. ಹೆಣ್ಣನ್ನು ಒಳಗಿಂದ ಕರೆತರುವ ಹೊತ್ತಿಗೆ ಕೆಂಪಣ್ಣ ಮೈಕ್‌ಸೆಟ್ಟಿನವನಿಗೆ ಕೈಸನ್ನೆ ಮಾಡಿದ. "ನಮ್ ಪುಟ್ಟರಾಜನ ಹೊಸ ಪ್ಲೇಟು, ಈಗ ಹಾಕು."

ಗ್ರಾಮಫೋನಿನ ಮುಳ್ಳು ಎರಡು ಸುತ್ತು ಕರಕರ ಅಂದಿತು. ಆಮೇಲೆ ಹಾಡು ಬಂತು.

*ಎದ್ದು ನೋಡೆ ಚೆಲುವೆ, ಹೊತ್ತು ಮೂಡಿದೆ,*
*ಗೆದ್ದ ಬೆಳಕು ನಿನ್ನ ಹೊಸಿಲ ಹುಡುಕಿದೆ...*

ಪಿಟೀಲು, ತಬಲ, ಕೊಳಲು ಎಲ್ಲ ಇದ್ದವು. ಆದರೂ ಎರಡನೆಯ ಸಾಲಿಗೆ ನಂಜಮ್ಮ ತಟ್ಟನೆ ತಲೆಯೆತ್ತಿದಳು. ಈ ರಾಗ ಅವಳಿಗೆ ಗೊತ್ತಿತ್ತು. ಮುತ್ತೈದೆಯೊಬ್ಬಳು ಎಳೆಯ ಮಕ್ಕಳನ್ನು ಬಿಟ್ಟು ಸತ್ತಾಗ, ಹೆಣವನ್ನು ಅಂಗಳಕ್ಕೆ ತಂದು ಮಲಗಿಸಿ ಹಾಡುವ ರಾಗ. ಸೂರಿನ ಕೆಳಗೆ ಅದನ್ನು ಗುನುಗುವ ಹಾಗೂ ಇರಲಿಲ್ಲ. ಪಕ್ಕದ ಹೆಂಗಸರನ್ನು ನೋಡಿದಳು. ಅವರೆಲ್ಲ ಈಚಿನವರು, ತಲೆ ತೂಗುತ್ತ ಕೇಳುತ್ತಿದ್ದರು.

ಯಾರಿಗೂ ತಿಳಿಯದಿರಲಿ, ಬೇಗ ಮುಗಿಯಲಿ ಅಂದುಕೊಳ್ಳುವಷ್ಟರಲ್ಲಿ ಗಂಡಿನವರ ಸಾಲಿನಿಂದ ಒಬ್ಬ ಮುದುಕಿ ಕಂಬ ಹಿಡಿದು ಎದ್ದು ನಿಂತಳು. ಗಂಡಿನ ಅಜ್ಜಿ ಗುರುಸಿದ್ದಮ್ಮ.

"ನಿಲ್ಸಿ ಅದ."

ದನಿ ದೊಡ್ಡದಾಗಿರಲಿಲ್ಲ. ಆದರೆ ಮೈಕ್‌ಸೆಟ್ಟಿನವನು ಅವಳ ಮುಖ ನೋಡಿ ಮುಳ್ಳನ್ನು ಎತ್ತಿಬಿಟ್ಟ.

"ಹೆಣದ ಮುಂದೆ ಆಡೋ ಆಡು ಅದು," ಅಂದಳು ಗುರುಸಿದ್ದಮ್ಮ. "ನನ್ ಮೊಮ್ಮಗ ಬಾಸಿಂಗ ಕಟ್ಕೊಂಡು ಕೂತವ್ನೆ. ಹೆಣ್ಣು ಹಸೆಗೆ ಬರೋ ಗಳಿಗೇಲಿ ಸಾವಿನ ಆಡು ಆಕ್ಸಿದ್ದೀರಿ. ಯಾಕೆ?"

ಗಂಡಿನ ಅಪ್ಪ ಚಿಕ್ಕಯ್ಯ ತಾಯಿಯ ಹತ್ತಿರ ಬಂದು ಏನೋ ಕೇಳಿದ. ಅವಳು ತಲೆಯಾಡಿಸಿದಳು. ಚಿಕ್ಕಯ್ಯ ಹೆಗಲ ಮೇಲಿನ ವಲ್ಲಿಯನ್ನು ಸರಿಮಾಡಿಕೊಂಡು ಕೆಂಪಣ್ಣನ ಕಡೆ ತಿರುಗಿದ. "ನಮ್ಮವ್ವ ಸುಮ್ಸುಮ್ನೆ ಮಾತಾಡೋಳಲ್ಲ. ಇದೇನು ಅಂತ ಯೋಳಿ. ಇಲ್ದಿದ್ರೆ ನಾವು ಬಸ್ ಅತ್ತೀವಿ."

ಕೆಂಪಣ್ಣನ ಮುಖ ಕಪ್ಪಿಟ್ಟಿತು. "ಅಯ್ಯೋ, ಸಿನಿಮಾ ಹಾಡು ಕಣಣ್ಣ ಅದು. ನಮ್ಮ ಪುಟ್ಟರಾಜ ಬರೆದದ್ದು. ಅವ್ರವ್ವ ಬೆಳಗ್ಗೆ ಎಬ್ಬಿಸ್ತಾ ಹಾಡ್ತಿದ್ದ ಹಾಡು. ಪೇಪರಿನಲ್ಲೇ ಬಂದಿತ್ತು." ತಾನೇ ಕಂಡವನಂತೆ ಹೇಳಿದನಾದರೂ ಹೊನ್ನಮ್ಮ ಸತ್ತಾಗ ಅವನು ಹಾಸನದಲ್ಲಿ ಓದುತ್ತಿದ್ದ ಹುಡುಗ.

ಪುಟ್ಟರಾಜು ಮುಂದೆ ಬಂದ. ಮದರಾಸಿನ ದೊಡ್ಡ ಮನುಷ್ಯರ ನಡುವೆ ಓಡಾಡಿದವನಿಗೆ ಈಗ ಕೈ ಎಲ್ಲಿಡಬೇಕೋ ಗೊತ್ತಾಗುತ್ತಿರಲಿಲ್ಲ. "ಅಜ್ಜಿ, ನಮ್ಮವ್ವ ಹೋದಾಗ ನನಗೆ ನಾಲ್ಕು ವರ್ಷ. ಅವಳ ಮುಖವೂ ನೆನಪಿಲ್ಲ. ಈ ರಾಗ ಒಂದು ಉಳಿದಿದೆ. ನಾನು ಬರೆದ ಮೊದಲನೇ ಹಾಡಿನಿಂದ ಇದೇ ನನ್ನ ಕಿವಿಯಲ್ಲಿದೆ. ಇದು ಸಾವಿನ ಹಾಡಲ್ಲ. ಏಳು ಏಳು ಅಂತ ಎಬ್ಬಿಸೋ ಹಾಡು."

"ಏಳು ಏಳು ಅಂತಾನೇ ಆಡೋದು ಅದನ್ನ," ಅಂದಳು ಗುರುಸಿದ್ದಮ್ಮ. "ಏಳ್ದೇ ಇರೋರಿಗೆ."

ಗಂಡಿನವರಲ್ಲಿ ನಾಲ್ಕಾರು ಜನ ಎದ್ದರು. ಒಬ್ಬ ಹೆಂಗಸು ಮಕ್ಕಳ ಕೈ ಹಿಡಿದು ಬಾಗಿಲ ಕಡೆ ನಡೆದೇಬಿಟ್ಟಳು. ಹೆಣ್ಣು ಒಳಕೋಣೆಯ ಹೊಸಿಲ ಮೇಲೆ, ಒಂದು ಕಾಲು ಈಚೆ ಇಟ್ಟು ನಿಂತಿದ್ದಳು. ಪುರೋಹಿತರು ಗಡಿಯಾರ ನೋಡಿ, "ಇನ್ನು ಅರ್ಧ ಗಂಟೆಯೂ ಇಲ್ಲ," ಎಂದರು.

"ಇವ್ರವ್ವನ್ನ ಬಲ್ಲೋರು ಯಾರಾದ್ರೂ ಇದ್ದಾರಾ ಇಲ್ಲಿ?" ಎಂದು ಚಿಕ್ಕಯ್ಯ ಕೇಳಿದ.

ಕೆಂಪಣ್ಣ ನಂಜಮ್ಮನ ಕಡೆ ಕೈ ತೋರಿಸಿದ. "ನಂಜಕ್ಕ ಇದ್ದಾಳಲ್ಲ. ಗೋಡೆಗೆ ಗೋಡೆ ಅಂಟಿದ ಮನೆ."

ಎಲ್ಲರೂ ಅವಳನ್ನು ನೋಡಿದರು. ನಂಜಮ್ಮನಿಗೆ ಪುಟ್ಟರಾಜುವಿನ ಕಣ್ಣು ಮಾತ್ರ ಕಾಣಿಸುತ್ತಿತ್ತು. ಅವನಿಗೆ ಸ್ವಲ್ಪವೂ ಅನುಮಾನವಿರಲಿಲ್ಲ. ದೊಡ್ಡವ್ವ ಹೌದು ಅನ್ನುತ್ತಾಳೆ, ಮುಗಿಯಿತು, ಅನ್ನುವ ಹಾಗೆ ನಿಂತಿದ್ದ.

ಹೊನ್ನಮ್ಮ ಹಾಡುತ್ತಲೇ ಇರಲಿಲ್ಲ. ಸೋಬಾನೆಯಲ್ಲಿ ಸೊಲ್ಲು ಕೂಡಿಸು ಅಂದರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಆ ರಾಗ ಹಾಡಿದವಳು ನಂಜಮ್ಮ. ಅಂಗಳದಲ್ಲಿ, ಹೊನ್ನಮ್ಮನ ತಲೆದೆಸೆಯಲ್ಲಿ ಕೂತು. ಆ ಮಗು ತಾಯಿಯ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಹಾಡು ಪೂರಾ ಕೇಳಿತ್ತು. ಮುಗಿದ ಮೇಲೆ ಇವಳ ಮುಖ ನೋಡಿ, "ಇನ್ನೊಂದ್ಸಲ ಹಾಡು, ಎದ್ದೇಳ್ತಾಳೆ," ಅಂದಿತ್ತು. ನಂಜಮ್ಮ ಇನ್ನೊಂದು ಸಲ ಹಾಡಿದ್ದಳು.

"ಊಂ," ಅಂದಳು ನಂಜಮ್ಮ. "ಹೊನ್ನಮ್ಮಂದೇ ಆಡು. ದಿನಾ ಕೇಳಿವ್ನಿ. ನೀವನ್ನೋ ಆಡು ನಂಗೂ ಗೊತ್ತು ಕಣವ್ವ. ಅದರ ನಡೆ ಬ್ಯಾರೆ, ಇದರ ನಡೆ ಬ್ಯಾರೆ."

ಗುರುಸಿದ್ದಮ್ಮ ಕಂಬ ಬಿಟ್ಟು ಮೆಲ್ಲಗೆ ನಡೆದು ಬಂದು ಅವಳ ಎದುರಿಗೆ ಕೂತಳು. "ಅಂಗಾದ್ರೆ ಆಡು. ಕೇಳ್ತೀನಿ."

ಆ ರಾಗವನ್ನು ಎತ್ತಿಕೊಂಡರೆ ನಂಜಮ್ಮನ ಗಂಟಲು ತಾನಾಗಿಯೇ ಹಳೆಯ ದಾರಿಗೆ ಇಳಿಯುತ್ತದೆ. ಕರು ಕೂಗಿತು, ಒಲೆಯ ಕೆಂಡ ಆರಿತು, ಕಂದ ಕೆನ್ನೆ ಮುಟ್ಟಿದ ಎಂದು ಆ ಮಾತುಗಳೇ ಬಾಯಿಗೆ ಬರುತ್ತವೆ. ಒಂದು ಮಾತು ತಪ್ಪಿ ಬಂದರೂ ಹುಡುಗಿಯ ಮದುವೆ ಮುರಿಯುತ್ತದೆ. ಮುರಿದ ಮದುವೆಯ ಹೆಣ್ಣನ್ನು ಆಮೇಲೆ ಯಾರು ಕೇಳುತ್ತಾರೆ? ನಂಜಮ್ಮ ಮಂಡಿಯ ಮೇಲೆ ಬಲಗೈಯಿಂದ ಬೇಗ ಬೇಗ ತಟ್ಟತೊಡಗಿದಳು. ರಾಗಿ ಬೀಸುವಾಗಿನ ಓಟ ಅದು. ಆ ಓಟದ ಮೇಲೆ ರಾಗವನ್ನು ಕೂರಿಸಿದಳು.

*ಹೊತ್ತು ಮೂಡ್ಯಾದೆ ಏಳವ್ವ, ಹಸೆಯ ಹಾಸ್ಯಾದೆ ಏಳವ್ವ,*
*ಮುತ್ತಿನ ಬಾಸಿಂಗ ತಂದವ್ರೆ, ನಿನ್ನ*
*ಹೊತ್ತಿಗೆ ಸರಿಯಾಗಿ ಬಂದವ್ರೆ.*

ಮುಂದಿನ ಸೊಲ್ಲಿಗೆ ಮಾತಿರಲಿಲ್ಲ. ತಟ್ಟುತ್ತಲೇ ಇದ್ದಳು. ಎದುರಿಗಿದ್ದ ಮುದುಕಿಯ ಸೀರೆಯ ಅಂಚಿಗೆ ಕೆಸರು ಅಂಟಿತ್ತು. ಅಲ್ಲಿಂದಲೇ ಮಾತು ಸಿಕ್ಕಿತು.

*ಕಾವೇರಿ ದಾಟ್ಯಾರೆ ಏಳವ್ವ, ಕಾದು ನಿಂತವ್ರೆ ಏಳವ್ವ,*
*ಸೀರೆ ನೆರಿಗೇಗೆ ಕೆಸರಾಯ್ತು, ನಿನ್ನ*
*ಸೇರಕ್ಕಿ ತುಳಿಯೋದ ನೋಡೋಕೆ.*

ಇಲ್ಲಿ ಅವಳ ದನಿ ಒಂದು ಸಲ ಬಿರಿಯಿತು. ಹಳೆಯ ಎಳೆತ ಬಂದೇಬಿಟ್ಟಿತು ಅನ್ನಿಸಿತು. ಕೈ ನಿಂತುಹೋಗುವುದರಲ್ಲಿತ್ತು. ಆಗ ಗುರುಸಿದ್ದಮ್ಮ, ಕಣ್ಣನ್ನು ನಂಜಮ್ಮನ ಮೇಲಿಂದ ತೆಗೆಯದೆ, ಒಡೆದ ದನಿಯಲ್ಲಿ ಸೊಲ್ಲು ಕೂಡಿಸಿದಳು. "ಏಳವ್ವ, ಏಳವ್ವ." ಪಕ್ಕದ ಹೆಂಗಸರೂ ಸೇರಿದರು. ಹೊಸಿಲ ಮೇಲೆ ನಿಂತಿದ್ದ ಹೆಣ್ಣನ್ನು ಯಾರೋ ಭುಜ ಹಿಡಿದು ಹಸೆಗೆ ಕರೆತಂದರು.

ಗುರುಸಿದ್ದಮ್ಮ ಏಳುವಾಗ ನಂಜಮ್ಮನ ಕಿವಿಯ ಹತ್ತಿರ ಬಗ್ಗಿದಳು. "ನನ್ ಮಗಳಿಗೆ ಆಡಿದ್ರು ಅದನ್ನ. ಮೂರು ಮಕ್ಳು ಬಿಟ್ಟೋದ್ಲು. ನಂಗೆ ಅದರ ಗುರ್ತು ತಪ್ಪೋದಿಲ್ಲ ಕಣವ್ವ." ಹಸೆಯ ಕಡೆ ನೋಡಿ, "ಹುಡುಗಿ ಒಳ್ಳೇಳು ಅನ್ನುಸ್ತು," ಎಂದು ಹೋಗಿ ತನ್ನ ಜಾಗದಲ್ಲಿ ಕೂತಳು. ಹತ್ತೂವರೆಗೆ ಸರಿಯಾಗಿ ಧಾರೆಯಾಯಿತು.

ಊಟ ಮುಗಿಸಿ ನಂಜಮ್ಮ ಛತ್ರದ ಹಿಂದೆ ಹೊಂಗೆಮರದ ಕೆಳಗೆ ಕೂತಿದ್ದಾಗ ಪುಟ್ಟರಾಜು ಹುಡುಕಿಕೊಂಡು ಬಂದ. ಬಿಳಿ ಪ್ಯಾಂಟಿನಲ್ಲೇ ಮಣ್ಣಿನ ಮೇಲೆ ಕೂತ.

"ದೊಡ್ಡವ್ವ, ನಮ್ಮವ್ವ ಇನ್ನೂ ಏನೇನು ಹಾಡ್ತಿದ್ಲು? ಎಲ್ಲ ಹೇಳು. ಬರ್ಕೋತೀನಿ."

ಅವನ ಜೇಬಿನಿಂದ ಪುಟ್ಟ ಪುಸ್ತಕ ಈಚೆ ಬಂದಿತ್ತು. ಪೆನ್ನಿನ ಮುಚ್ಚಳ ತೆಗೆದಿದ್ದ. ಹಸೆಯ ಹತ್ತಿರ ಹೇಳಿದ ಸುಳ್ಳು ಅಷ್ಟು ಜನರ ನಡುವೆ ಹೇಗೋ ಬಾಯಿಗೆ ಬಂದಿತ್ತು. ಇಲ್ಲಿ ಇಬ್ಬರೇ. ನಂಜಮ್ಮ ಮಣ್ಣಿನಲ್ಲಿ ಬಿದ್ದಿದ್ದ ಹೊಂಗೆಯ ಎಲೆಯೊಂದನ್ನು ಎತ್ತಿಕೊಂಡಳು.

ಅವನು ಕಾದ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದ. "ಆ ಅಜ್ಜಿ 'ಏಳ್ದೇ ಇರೋರಿಗೆ' ಅಂದಾಗ ಒಂದು ನೆನಪಾಯ್ತು," ಅಂದ. "ಹಾಡಿನ ಜೊತೆ ಯಾವಾಗಲೂ ಒಂದು ಕೆನ್ನೆ ನೆನಪಾಗುತ್ತೆ ನನಗೆ. ತಣ್ಣಗಿತ್ತು. ಮುಂಜಾನೆ ಚಳಿಗೆ ಅಂದ್ಕೊಂಡಿದ್ದೆ."

"ನಾನು ಆಡಿದ್ದು ಕಣಪ್ಪ," ಅಂದಳು ನಂಜಮ್ಮ. "ಅವಳಲ್ಲ. ಅವಳಿಗೆ ಆಡಿದ್ದು. ನೀನೇ ಇನ್ನೊಂದ್ಸಲ ಅಂದೆ."

ಗಂಡಿನವರ ಬಸ್ಸು ಹಾರ್ನ್ ಮಾಡಿತು. ಯಾರೋ ಪುಟ್ಟರಾಜುವಿನ ಹೆಸರು ಹಿಡಿದು ಕೂಗಿದರು. ಅವನು ಏಳಲಿಲ್ಲ. ಕೆನ್ನೆ ಒರೆಸಿಕೊಳ್ಳಲೂ ಇಲ್ಲ.

"ಹಾಡು ಬರ್ತಿರ್ಲಿಲ್ವಾ ಅವಳಿಗೆ?"

"ಒಂದ್ ಸೊಲ್ಲೂ ಇಲ್ಲ."

"ಮತ್ತೆ ಹೆಂಗೆ ಎಬ್ಬಿಸ್ತಿದ್ಲು ನನ್ನ?"

ನಂಜಮ್ಮನಿಗೆ ಅದು ಚೆನ್ನಾಗಿ ನೆನಪಿತ್ತು. ಅದನ್ನು ಕೇಳಿದವರೇ ಇಷ್ಟು ವರ್ಷ ಇರಲಿಲ್ಲ. "ಕಂಬಳಿ ಕಿತ್ ಎಳೆಯೋಳು. ನೀನು ಗೋಡೆ ಕಡೆ ಉರುಳ್ಕಂತಿದ್ದೆ. 'ಏಳ್ಲಾ ಸೋಂಬೇರಿ, ಎಮ್ಮೆಗಿಂತ ಕಡೆ ನೀನು' ಅನ್ನೋಳು. ಗೋಡೆ ಆಚೆಗೂ ಕೇಳೋದು. ಆಮೇಲೆ ಇಬ್ರೂ ನಗೋರು."

ಪುಟ್ಟರಾಜು ಪುಸ್ತಕವನ್ನು ಜೇಬಿಗೆ ಸೇರಿಸಿದ. "ಇನ್ನೊಂದ್ಸಲ ಹೇಳು," ಅಂದ.

ನಂಜಮ್ಮ ಅವನ ಕಡೆಗೆ ಸ್ವಲ್ಪ ಸರಿದು ಕೂತು, ಹೊನ್ನಮ್ಮ ಹೇಗೆ ಗದರುತ್ತಿದ್ದಳೋ ಹಾಗೇ ಗದರಿ ತೋರಿಸಿದಳು.