ನಾಳಿನ ಸೀರೆ

“ವೈನೀ, ನಮ್ಮ ಗೌತಮಗ ಖರೇ ವೀಸಾ ಕೊಟ್ಟವ್ರು ನೀವ ನೋಡ್ರಿ,” ಅಂದ ರಾಮದುರ್ಗದ ಕಲ್ಮೇಶ ಅನ್ನಪೂರ್ಣಾಳಿಗೆ, ಬ್ರೆಡ್ಡಿನ ಮೇಲೆ ಶೇಂಗಾ ಚಟ್ನಿ ಉದುರಿಸಿಕೊಳ್ಳುತ್ತ.

ಮೇಜಿನ ಸುತ್ತ ಕೂತ ಗಂಡಸರೆಲ್ಲ ನಕ್ಕರು. ಅನ್ನಪೂರ್ಣಾಳೂ ನಕ್ಕಳು. ಬ್ಯಾಂಕಾಕಿನಲ್ಲಿ ಇಳಿದಾಗಿನಿಂದ, ತಿಳಿಯದ್ದಕ್ಕೆಲ್ಲ ನಕ್ಕುಬಿಡುವುದನ್ನು ಅವಳು ರೂಢಿ ಮಾಡಿಕೊಂಡಿದ್ದಳು. ಅವಳ ಗಂಡ ಗೌತಮ ಮಾತ್ರ ನಗಲಿಲ್ಲ.

“ಸುಮ್ಮ ತಿನ್ನಲೇ. ಅದೇನ ಬಾಯಿ ಐತೋ ಬೋರ್‌ವೆಲ್ಲೋ,” ಅಂದು ಕಾಫಿ ಕಪ್ಪಿನೊಳಗೆ ಮುಖ ಹಾಕಿದ.

ಬೀಜದ ಕಂಪನಿಯೊಂದು, ಹೆಚ್ಚು ಮಾಲು ಮಾರಿದ ಅಂಗಡಿಕಾರರನ್ನೆಲ್ಲ ಕೂಡಿಸಿ ಈ ಪ್ರವಾಸಕ್ಕೆ ಕರೆತಂದಿತ್ತು. ಬೈಲಹೊಂಗಲದಲ್ಲಿರುವ ಗೌತಮನ ತಂದೆ ಮಡಿವಾಳೆಪ್ಪನ ಅಂಗಡಿಗೆ ಎರಡು ಟಿಕೆಟ್ ಬಂದಿದ್ದವು. ಮದುವೆಯಾಗಿ ಒಂದು ಮಳೆಗಾಲವೂ ಪೂರ್ತಿ ಕಳೆದಿರಲಿಲ್ಲ. ಗೌತಮ ಮಾತಿನಲ್ಲಿ ಬಲು ಬಿಗಿ. ಪಲ್ಯಕ್ಕೆ ಉಪ್ಪು ಕಡಿಮೆಯಾದರೂ ಬಾಯಿ ಬಿಡದವನು. ಅಂಥವನು ಒಂದು ಸಂಜೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತು, “ನೀ ಬಂದರಷ್ಟ ನಾ ಹೋಗತೇನಿ,” ಅಂದಿದ್ದ.

ಆ ಮಾತನ್ನು ಅವಳು ಅವತ್ತೇ ತವರೂರು ಹೂಲಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದ್ದಳು. ಪಕ್ಕದ ಮನೆಯ ಮೀನಾಗೂ ಹೇಳಿದ್ದಳು. ಹೊಸ ಬಳೆ ಇಟ್ಟುಕೊಂಡವರು ಕೈ ಅಲ್ಲಾಡಿಸಿ ನೋಡಿಕೊಳ್ಳುವಂತೆ, ಒಬ್ಬಳೇ ಇದ್ದಾಗ ಆ ಮಾತನ್ನು ಮೆಲ್ಲಗೆ ಅಂದು ನೋಡಿಕೊಳ್ಳುತ್ತಿದ್ದಳು.

ನಾಷ್ಟಾ ಮುಗಿದದ್ದೇ ಗೌತಮ ಅವಳನ್ನು ಹೋಟೆಲಿನ ಹಿಂದಿನ ನದಿ ದಂಡೆಗೆ ಕರೆದುಕೊಂಡು ಹೋದ. ಹೊಸ ನೀರು ಬಂದಾಗಿನ ಮಲಪ್ರಭೆಯ ಬಣ್ಣವೇ ಆ ನದಿಗೂ ಇತ್ತು. ಆದರೆ ದೋಣಿಗಳು ಒಂದೊಂದೂ ಬಸ್ಸಿನಷ್ಟು ಉದ್ದ. ನೀಲಿ ಚೂಡಿದಾರದಲ್ಲಿ ಅವಳನ್ನು ನಿಲ್ಲಿಸಿ, ತಾನೂ ಪಕ್ಕದಲ್ಲಿ ನಿಂತು ಫೋಟೋ ತೆಗೆದ. ಆಮೇಲೆ, “ಲಗೂನ ಹೋಗಿ ಹಳದಿ ಸೀರಿ ಉಟಗೊಂಡ ಬಾ,” ಅಂದ. ಅವಳು ಇಳಕಲ್ ಸೀರೆ ಉಟ್ಟು ಕೆಳಗೆ ಬರುವಷ್ಟರಲ್ಲಿ ಅವನೂ ಬೇರೆ ಅಂಗಿ ತೊಟ್ಟಿದ್ದ. ಈ ಸಲ ಬುದ್ಧನ ಗುಡಿಯ ಮುಂದೆ.

“ಇಷ್ಟ್ಯಾಕ್ರೀ ಫೋಟೋ?”

“ಇರ್ಲಿ. ಅಪ್ಪಾಜಿ ಕೇಳತಾರ. ಸ್ವಲ್ಪ ನಗು.”

ಅವನು ಅವಳ ಹೆಗಲ ಮೇಲೆ ಕೈ ಹಾಕಿದ. ನಾಲ್ಕು ಜನರ ಎದುರು ಹಾಗೆ ಹಾಕಿದ್ದು ಅದೇ ಮೊದಲು. ಅವಳಿಗೆ ನಗು ತಾನಾಗಿ ಬಂತು. ಫೋನು ಕೆಳಗಿಳಿಯಿತು, ಅದರ ಹಿಂದೆಯೇ ಹೆಗಲ ಮೇಲಿನ ಕೈಯೂ ಇಳಿಯಿತು.

ಹೋಟೆಲಿನ ಬಾಗಿಲಲ್ಲಿ ಆಗಲೇ ಬಸ್ಸು ನಿಂತಿತ್ತು. ಗಂಡಸರೆಲ್ಲ ಸಣ್ಣ ಸಣ್ಣ ಚೀಲ ಹಿಡಿದು ಹತ್ತುತ್ತಿದ್ದರು.

“ಬೀಜದ ಫಾರ್ಮ್ ತೋರಸ್ತಾರಂತ. ನಾಳೆ ಸಂಜೀಕೆ ಬರತೇವಿ. ಅಲ್ಲಿ ಹೆಣಮಕ್ಕಳಿಗೆ ಸೌಲತ್ತಿಲ್ಲ,” ಅಂದ ಗೌತಮ. ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ತಿರುಗಿ, “ಅಪ್ಪಾಜಿ ಫೋನ್ ಹಚ್ಚಿದ್ರ ಇಲ್ಲೇ ಅದಾರ ಅನ್ನು,” ಅಂದ.

ಮಧ್ಯಾಹ್ನ ಸವದತ್ತಿಯ ಸುಂದರವ್ವ ರೊಟ್ಟಿಯ ಗಂಟು ಹಿಡಿದುಕೊಂಡು ಅನ್ನಪೂರ್ಣಾಳ ಕೋಣೆಗೆ ಬಂದಳು. ಅವಳ ಗಂಡ ನಿಜಗುಣಪ್ಪನೂ ಅದೇ ಬಸ್ಸಿನಲ್ಲಿ ಹೋಗಿದ್ದ. ಇಡೀ ಪ್ರವಾಸಕ್ಕೆ ಹೆಂಗಸರೆಂದರೆ ಇವರಿಬ್ಬರೇ.

“ಕಾಕೂ, ಆ ಫಾರ್ಮ್ ಬಾಳ ದೂರ ಐತೇನ್ರಿ?”

“ಹಿಂದಕ ದುಬೈಕ್ಕ ಹ್ವಾದಾಗೂ ಒಂದ ಫಾರ್ಮ್ ಇತ್ತವಾ,” ಅಂದಳು ಸುಂದರವ್ವ, ರೊಟ್ಟಿ ಮುರಿಯುತ್ತ. “ಉಸುಕಿನಾಗ ಏನ ಬೆಳೀತಾರೋ ನಮ್ಮ ಗಂಡಸರಿಗೇ ಗೊತ್ತು.”

ಅನ್ನಪೂರ್ಣಾಳ ಕೈಯಲ್ಲಿಯ ತುತ್ತು ಕೈಯಲ್ಲೇ ಉಳಿಯಿತು. ಸುಂದರವ್ವ ಅವಳ ಮುಖ ನೋಡಿ ದನಿ ತಗ್ಗಿಸಿದಳು.

“ನಿನಗ ಯಾರೂ ಹೇಳಿಲ್ಲೇನ? ಹ್ವಾದ ವರ್ಷ ಇವರೆಲ್ಲಾ ಕೂಡಿ ಗೋವಾಕ್ಕ ಹೋಗಿ ಮರ್ಯಾದಿ ಕಳಕೊಂಡ ಬಂದಿದ್ರು. ಅದಕ್ಕ ನಿಮ್ಮ ಮಾವ, ಹೆಣ್ತೀನ ಕರಕೊಂಡ ಹೋಗೂದಾದ್ರ ಪಾಸ್‌ಪೋರ್ಟ್ ಕೊಡತೇನಿ, ಇಲ್ಲಂದ್ರ ಇಲ್ಲ ಅಂದ್ನಂತ. ಆ ಕಲ್ಮೇಶ ಇದನ್ನ ಹೇಳಿ ಹೇಳಿ ವಿಮಾನ ತುಂಬ ನಗಸಾಕತ್ತಿದ್ದ.”

ನೀ ಬಂದರಷ್ಟ ನಾ ಹೋಗತೇನಿ. ಅನ್ನಪೂರ್ಣಾ ಆ ಮಾತನ್ನು ತಿರುವಿ ತಿರುವಿ ನೋಡಿದಳು. ಅವನು ಸುಳ್ಳಾಡಿರಲಿಲ್ಲ. ಒಂದಕ್ಷರವೂ ಸುಳ್ಳಿರಲಿಲ್ಲ.

“ನೀವು ಏನೂ ಅನ್ನೂದಿಲ್ಲೇನ್ರಿ, ಕಾಕಾರಿಗೆ?”

“ಮದಲ್ನೇ ಸಲ ಅತ್ನಿ. ಎರಡ್ನೇ ಸಲ ಮಾತ ಬಿಟ್ನಿ. ಮಾತ ಬಿಟ್ಟಿದ್ದು ಆತಗ ಗೊತ್ತ ಆಗ್ಲಿಲ್ಲ.” ಸುಂದರವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದಳು. “ಈಗ ಮಲಗಿಬಿಡತೇನಿ. ಎಲ್ಲಾ ದೇಶದಾಗೂ ಹಾಸಿಗಿ ಮೆತ್ತಗ ಇರತಾವವಾ. ನೀನೂ ಮಲಕ್ಕೋ.”

ಅವಳು ಹೋದಮೇಲೆ ಅನ್ನಪೂರ್ಣಾ ಮಂಚದ ಅಂಚಿನಲ್ಲೇ ಕೂತಿದ್ದಳು. ಕಿಟಕಿಯ ಕೆಳಗೆ, ಸೇತುವೆಗಳ ಮೇಲೆ ಸೇತುವೆ, ಅವುಗಳ ಮೇಲೊಂದು ರೈಲು ಸದ್ದಿಲ್ಲದೆ ಹೋಗುತ್ತಿತ್ತು. ಫೋನು ಟಿಣ್ಣೆಂದಿತು. ಮನೆಯವರ ವಾಟ್ಸಾಪ್ ಗುಂಪಿಗೆ ಗೌತಮ ಫೋಟೋ ಹಾಕಿದ್ದ: ನದಿಯ ದಂಡೆ, ನೀಲಿ ಚೂಡಿದಾರ, ಅವಳ ನಗು. ಕೆಳಗೆ, ‘ಈಗ ನಾನು, ಅನ್ನಪೂರ್ಣಾ ನದಿ ನೋಡಲಿಕ್ಕೆ ಬಂದೇವಿ.’ ಅತ್ತೆ ಆಗಲೇ ಕೈಮುಗಿದ ಚಿತ್ರ ಕಳಿಸಿದ್ದಳು.

ಅನ್ನಪೂರ್ಣಾ ತಗ್ಗಿ ತನ್ನ ಸೆರಗನ್ನು ನೋಡಿಕೊಂಡಳು. ಮೈಮೇಲಿದ್ದ ಹಳದಿ ಸೀರೆ ನಾಳಿನದು.

ಅಷ್ಟರಲ್ಲಿ ಮಾವನ ಫೋನ್ ಬಂತು. ಅವನ ಹಿಂದೆ ಅಂಗಡಿಯ ಗದ್ದಲ. ಯಾರೋ ಗೋವಿನಜೋಳದ ಬೀಜಕ್ಕೆ ಚೌಕಾಶಿ ನಡೆಸಿದ್ದರು.

“ಅನ್ನಪೂರ್ಣವ್ವಾ, ಫೋಟೋ ನೋಡಿದ್ನಿ. ಚಂದ ಬಂದೈತಿ. ಎಲ್ಲಿ ಅದಾನ ಅಂವಾ? ಫೋನ್ ಹತ್ತವಲ್ಲದು.”

ಹೇಳಬೇಕಾದ್ದೆಲ್ಲ ಅವಳ ನಾಲಿಗೆಯ ತುದಿಗೇ ಬಂದಿತ್ತು. ಬಾಯಿ ತೆರೆದಳು. ಮಾವ ಅಷ್ಟರಲ್ಲಿ ತಾನೇ ಮುಂದುವರಿಸಿದ:

“ನೀ ಸಂಗಾಟ ಇದ್ದೀ ಅಂತ ನಾ ಕಳಸಿದ್ದು, ಯವ್ವಾ. ಅವನ ಜವಾಬ್ದಾರಿ ನಿನ್ನ ಮ್ಯಾಲ ಹಾಕೇನಿ. ಕಣ್ಣ ಮುಂದಿಂದ ಬಿಡಬ್ಯಾಡ.”

ನಿಜ ಹೇಳಿದರೆ ತಪ್ಪು ಯಾರ ತಲೆಗೆ ಬರುತ್ತದೆಂಬುದು ಅವಳಿಗೆ ಆ ಮಾತಿನಲ್ಲೇ ಕೇಳಿಸಿತು.

“ಜಳಕಾ ಮಾಡಾಕತ್ತಾರ್ರಿ, ಮಾವಾರ.”

“ಹಾಂ, ಮಾಡ್ಲಿ ಮಾಡ್ಲಿ. ಊರು ಹ್ಯಾಂಗ ಐತಿ?”

“ಬಾಳ ದೊಡ್ಡದೈತ್ರಿ.”

ಫೋನು ಇಟ್ಟ ಮೇಲೆ ಯಾರೋ ಬಾಗಿಲು ತಟ್ಟಿದರು. ಅವಳದೇ ವಯಸ್ಸಿನ ಕೆಲಸದ ಹುಡುಗಿಯೊಬ್ಬಳು ಕಸ ಹೀರುವ ಯಂತ್ರವನ್ನು ಎಳೆದುಕೊಂಡು ಒಳಗೆ ಬಂದಳು. ಕೈಮುಗಿದು ಏನೋ ಕೇಳಿದಳು. ಅನ್ನಪೂರ್ಣಾ ಹೂಂ ಎನ್ನುವಂತೆ ತಲೆಯಾಡಿಸಿದಳು. ಯಂತ್ರ ಗುಂಯ್‌ಗುಡುತ್ತ ಮಂಚದ ಬಳಿ ಬಂದಾಗ, ಅವಳು ಮನೆಯಲ್ಲಿ ಕಸ ಗುಡಿಸುವವರಿಗೆ ಮಾಡಿಕೊಡುವಂತೆ ಎರಡೂ ಕಾಲು ಮೇಲಕ್ಕೆತ್ತಿದಳು. ಹುಡುಗಿ ಕೆಳಗೆಲ್ಲ ಗುಡಿಸಿ, ಮತ್ತೆ ಕೈಮುಗಿದು, ಬಾಗಿಲು ಎಳೆದುಕೊಂಡು ಹೋದಳು. ಯಂತ್ರದ ಸದ್ದು ಪಕ್ಕದ ಕೋಣೆಗೆ ಹೋಯಿತು, ಅಲ್ಲಿಂದ ಅದರಾಚೆಯ ಕೋಣೆಗೆ ಹೋಯಿತು. ಅನ್ನಪೂರ್ಣಾಳ ಕಾಲು ಇನ್ನೂ ನೆಲಕ್ಕೆ ಇಳಿದಿರಲಿಲ್ಲ.