ಮಂಡಕ್ಕಿ ತಿಂದವನಿಗೆ ಯಾವ ಸೂಜಿ?

ಸಾರಥಿ ಎಂಬ ಹಳ್ಳಿಯ ಹಾಲೇಶಪ್ಪನ ಅಪೆಂಡಿಕ್ಸ್ ಇನ್ನೇನು ಒಡೆಯುವ ಹಾಗಿತ್ತು. ಅವನು ನರಳುತ್ತ ಮಲಗಿದ್ದ ಮೇಜಿನ ಪಕ್ಕದಲ್ಲಿ ಇಬ್ಬರು ಡಾಕ್ಟರರ ಜಗಳ ಮಾತ್ರ ಮುಗಿಯುವ ಹಾಗಿರಲಿಲ್ಲ.

ಅರವತ್ನಾಲ್ಕನೇ ಇಸವಿಯ ಆ ಬೇಸಿಗೆಯಲ್ಲಿ, ಪಿ.ಜೆ. ಬಡಾವಣೆಯ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ಅರಿವಳಿಕೆ ಕೊಡುತ್ತಿದ್ದವಳು ಡಾಕ್ಟರ್ ದ್ರಾಕ್ಷಾಯಣಮ್ಮ. ಉಸಿರಿನ ನಳಿಗೆಯನ್ನು ಗಂಟಲಿಗೆ ಇಳಿಸಬೇಕಾದರೆ ಮೊದಲು ಮೈಯ ಬಿಗಿ ಸಡಿಲಾಗಬೇಕು. ಅದಕ್ಕೆ ಅವಳ ಬಳಿ ಎರಡು ಔಷಧ. ಫ್ಲಾಕ್ಸೆಡಿಲ್ ಎಂಬುದು ಬೀಗರ ಕಡೆಯ ಹಿರಿಯನಿದ್ದಂತೆ: ಬರುವುದೂ ನಿಧಾನ, ಬಂದು ಕೂತರೆ ಏಳುವುದೂ ನಿಧಾನ. ಸ್ಕೋಲಿನ್ ಅಂಚೆಯವನಿದ್ದಂತೆ: ಬಾಗಿಲು ತಟ್ಟಿದ, ಕೊಟ್ಟ, ಕೂತ್ಕೋ ಅನ್ನುವಷ್ಟರಲ್ಲಿ ಮಾಯ. ಹೋಗುವಾಗ ಮೈಕೈ ನೋವು ಬಿಟ್ಟು ಹೋಗುವುದೊಂದೇ ಅದರ ಕೆಟ್ಟ ಚಾಳಿ.

ಜಗಳ ಹುಟ್ಟಿದ್ದೇ ಆ ಚಾಳಿಯಿಂದ. ಇಲ್ಲಿ ಹರ್ನಿಯಾ ಕೊಯ್ಸಿಕೊಂಡು ಹೋದ ಕೆಂಚವೀರಪ್ಪ, “ಆ ಆಸ್ಪತ್ರೇಲಿ ಎಚ್ಚರ ತಪ್ಪಿಸಿ ಒದೀತಾರೆ” ಎಂದು ಹರಿಹರದ ತುಂಬ ಸಾರಿದ್ದ.

“ಸ್ಕೋಲಿನ್ ಬ್ಯಾಡ ಅಂದ್ರೆ ಬ್ಯಾಡ,” ಎಂದರು ಸರ್ಜನ್ ಕರಿಬಸವರಾಜ, ಕೈಗವಸು ಎಳೆದುಕೊಳ್ಳುತ್ತ. “ಎರಡೂ ಸಡಿಲ ಮಾಡೋ ಔಷಧಾನೇ ಅಲ್ಲೇನವ್ವ?”

“ಎರಡೂ ಹರಿಹರದ ಬಸ್ಸೇ, ಸರ್. ಒಂದು ಹತ್ತಿದ ಕೂಡ್ಲೇ ಹೊರಡ್ತೈತೆ, ಇನ್ನೊಂದು ಟಾಪೆಲ್ಲ ತುಂಬಿದ ಮ್ಯಾಲೆ!”

ಅವಳು ಎಷ್ಟು ಸಲ ಹೇಳಿದರೂ ಅವರದು ಅದೇ ಹಟ. ಖಾಲಿ ಹೊಟ್ಟೆಯವನಿಗೆ ನಿಧಾನವೂ ನಡೆದೀತು ಎಂದು ಅವಳು ಫ್ಲಾಕ್ಸೆಡಿಲನ್ನೇ ಸಿರಿಂಜಿಗೆ ಎಳೆದಳು. ಬಾಗಿಲಾಚೆ ಕೂತಿದ್ದ ತಾಯಿಯನ್ನು ಕೊನೆಯದಾಗಿ ಕೇಳಿದಳು:

“ಮರುಳಸಿದ್ದಮ್ಮಾರೆ, ಮಗ ಏನೂ ತಿಂದಿಲ್ಲ ಹೌದಲ್ರೀ?”

“ಏನೂ ಇಲ್ರೀ ಡಾಕ್ಟರಮ್ಮ. ಈಗ ಬಸ್ಸಿನಾಗೆ ಒಂದೆರಡು ಬೊಗಸೆ ಮಂಡಕ್ಕಿ, ಅಷ್ಟೇ. ಮೆಣಸಿನಕಾಯಿ ಸೈತ ಕೊಡ್ಲಿಲ್ಲ.”

“ಮಂಡಕ್ಕಿ ತಿನ್ನೋದಲ್ಲೇನ್ರೀ?”

“ಅದೇನು ಊಟನಾ ತಾಯಿ? ಬರೀ ಗಾಳಿ! ಹೊಟ್ಟಿಗೆ ಏನ್ ಹತ್ತುತೈತೆ?”

ದ್ರಾಕ್ಷಾಯಣಮ್ಮನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಫ್ಲಾಕ್ಸೆಡಿಲ್ ದವಡೆ ಸಡಿಲಿಸುವುದರೊಳಗೆ ಆ ಮಂಡಕ್ಕಿ ಮೇಲೆದ್ದು ಶ್ವಾಸಕೋಶಕ್ಕೆ ಇಳಿದರೆ ಮುಗಿಯಿತು; ನಿದ್ದೆ ಹೋದವನಿಗೆ ಕೆಮ್ಮಲೂ ಬಾರದು. ತಿಂದದ್ದು ಕರಗಲಿ ಎಂದು ಕಾಯೋಣವೆಂದರೆ ಅಪೆಂಡಿಕ್ಸ್ ಕಾಯುವುದಿಲ್ಲ.

ಸಿರಿಂಜನ್ನು ತಟ್ಟೆಗೆ ಎಸೆದು ನರ್ಸಿಗೆ ಹೇಳಿದಳು: “ಅಖ್ತರ್ ಬಾನು, ಐಸ್ ಡಬ್ಬಿಯಿಂದ ಸ್ಕೋಲಿನ್ ತಗಿ.”

“ಸಾಹೇಬ್ರು ಬ್ಯಾಡ ಅಂದ್ರಲ್ರೀ?”

“ಮೈನೋವು ಬಂದವ್ನು ನಮ್ಮನ್ನ ಬೈಯೋದಕ್ಕಾದ್ರೂ ಬದುಕಿರ್ತಾನೆ, ತಗಿ!”

ಕರಿಬಸವರಾಜರು ಒಂದು ಹೆಜ್ಜೆ ಹಿಂದೆ ಸರಿದು ಅವಳಿಗೆ ಜಾಗ ಬಿಟ್ಟರು.

ನಿದ್ದೆಯ ಮದ್ದಿನ ಬೆನ್ನಿಗೇ ಸ್ಕೋಲಿನ್ ಹೋಯಿತು. ಗಾಳಿ ಬೀಸಿದ ಜೋಳದ ಹೊಲದಂತೆ ಹಾಲೇಶಪ್ಪನ ಮೈಯೆಲ್ಲ ಅದುರಿ ನಿಂತಿತು. ಹೊಟ್ಟೆಯಲ್ಲಿದ್ದದ್ದು ಮೇಲೆ ಬರದಂತೆ ಬಾನು ಅವನ ಗಂಟಲು ಒತ್ತಿ ಹಿಡಿದಳು. ದವಡೆ ಬಿಟ್ಟಿತು, ನಳಿಗೆ ಇಳಿಯಿತು, ಅದರ ಸುತ್ತಲಿನ ಬಲೂನು ಉಬ್ಬಿ ಶ್ವಾಸದ ದಾರಿಯನ್ನು ಭದ್ರಮಾಡಿತು. ಬಾನು ಕೈ ತೆಗೆದದ್ದೇ ತಡ, ನೆನೆದ ಮಂಡಕ್ಕಿ ಬಾಯಿತುಂಬ ಉಕ್ಕಿತು. ಒಂದು ಕಾಳೂ ಶ್ವಾಸಕೋಶಕ್ಕೆ ಇಳಿಯಲಿಲ್ಲ.

ಕರಿಬಸವರಾಜರು ಬಗ್ಗಿ ಆ ಮಂಡಕ್ಕಿಯನ್ನು ನೋಡಿದರು. ಆಮೇಲೆ ಮೆಲ್ಲಗೆ, “ಇವನ ಮೈನೋವಿಗೆ ನಾನೇ ಜವಾಬು ಹೇಳ್ತೀನಿ ಬಿಡವ್ವ,” ಎಂದರು.

“ನಾಳಿನ ಮಾತು ನಾಳೆ, ಸರ್. ಈಗಾದ್ರೂ ಚಾಕು ಹಿಡೀರಿ!”